ಅಮ್ಮನ ಸೆರಗು ಎಷ್ಟು ಅಗಲ?

ಜಪಸರದ ತಿಂಗಳಾದ ಅಕ್ಟೋಬರಿನ ಒಂದು ಸಂಜೆ. ದೇವಾಲಯದಲ್ಲಿ ಪ್ರಾರ್ಥನೆ ಮುಗಿದು ಎಲ್ಲರೂ ಅಂಗಳದಲ್ಲಿ ಮಾತಾಡುತ್ತ ನಿಂತಿದ್ದರು. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಓದಿದ ಹೆಣ್ಣುಮಗಳೊಬ್ಬಳು ಹತ್ತಿರ ಬಂದಳು. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ಗಂಡನನ್ನು ಕಳೆದುಕೊಂಡವಳು. "ಟೀಚರ್, ಒಂದು ಮಾತು ಕೇಳಲಾ? ಬೈಯಬಾರದು" ಎಂದಳು. "ಅವರು ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಐವತ್ತಮೂರು ಮಣಿ ಜಪ ತಪ್ಪಿಸಲಿಲ್ಲ. ನಾನೊಬ್ಬಳೇ ಅಲ್ಲ, ಫೋನಿನಲ್ಲಿ ನೀವೆಲ್ಲ ಜೊತೆಗೂಡಿ ಹೇಳಿದಿರಿ. ಆದರೂ ಅಮ್ಮ ಅವರನ್ನು ಕಾಪಾಡಲಿಲ್ಲ. ಜಪವನ್ನೇ ಮಾಡದ ಎಷ್ಟೋ ಮನೆಗಳಲ್ಲಿ ಎಲ್ಲರೂ ಉಳಿದರು. ಹಾಗಾದರೆ ನಾವು ಕೇಳಿದ್ದಾದರೂ ಏನು ಟೀಚರ್?"

ನಾನು ನಾವೆಲ್ಲ ಹೇಳುವ ಮಾತನ್ನೇ ಹೇಳಿದೆ: "ದೇವರ ಚಿತ್ತ ಮಗಳೇ." ಅವಳು ತಲೆಯಾಡಿಸಿ ಹೊರಟುಹೋದಳು. ಆ ಮಾತು ಸುಳ್ಳಲ್ಲ. ಆದರೆ ಕೇಳಿದವರ ಬಾಯಿ ಮುಚ್ಚಿಸುವುದಕ್ಕಾಗಿ ಹೇಳಿದ ನಿಜವೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆಯೇ. ಅಂದಿನಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇಂದು ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಸಂಕಟಕಾಲದಲ್ಲಿ ನಾವು ಒಟ್ಟಾಗಿ ಮಾತೆ ಮರಿಯಮ್ಮನವರ ಆಶ್ರಯ ಬೇಡುತ್ತೇವಲ್ಲ, ಆಗ ನಾವು ಬೇಡುವುದು ಏನನ್ನು? ಯಾರಿಗಾಗಿ?

ಈ ಪ್ರಶ್ನೆಯನ್ನು ಹಿಡಿದುಕೊಂಡು ನಿಮ್ಮನ್ನು ಸ್ವಲ್ಪ ದೂರ, ಇಟಲಿಯ ವೆನಿಸ್ ನಗರಕ್ಕೆ ಕರೆದೊಯ್ಯಬೇಕಾಗಿದೆ. ನೀರಿನ ಮೇಲೆ ಕಟ್ಟಿದ ಊರದು. ಅಲ್ಲಿ ಬೀದಿಗಳೆಂದರೆ ಕಾಲುವೆಗಳು. ಪ್ರತಿ ವರ್ಷ ನವೆಂಬರ್ 21ರಂದು, ಮರಿಯಮ್ಮನವರನ್ನು ಬಾಲ್ಯದಲ್ಲಿ ದೇವಾಲಯಕ್ಕೆ ಸಮರ್ಪಿಸಿದ್ದನ್ನು ನೆನೆಯುವ ಹಬ್ಬದ ದಿನ, ಅಲ್ಲಿನ ದೊಡ್ಡ ಕಾಲುವೆಗೆ ಅಡ್ಡಲಾಗಿ ತಾತ್ಕಾಲಿಕ ಸೇತುವೆಯೊಂದನ್ನು ಹಾಕುತ್ತಾರೆ. ಊರಿನ ಜನ ಮೇಣದಬತ್ತಿ ಹಿಡಿದು ಆ ಸೇತುವೆ ದಾಟಿ 'ಸಲೂತೆ' ಮಾತೆಯ ಮಹಾದೇವಾಲಯಕ್ಕೆ ಹೋಗುತ್ತಾರೆ. ಸಲೂತೆ ಎಂದರೆ ಆರೋಗ್ಯ. ಆ ಪದದ ಲತೀನ್ ಮೂಲಕ್ಕೆ ಆರೋಗ್ಯ ಮತ್ತು ಉದ್ಧಾರ ಎಂಬ ಎರಡೂ ಅರ್ಥಗಳಿವೆ. ನಾವು ಆರೋಗ್ಯಮಾತೆ ಎಂದು ಕರೆಯುತ್ತೇವಲ್ಲ, ಅದೇ ಹೆಸರು, ಅದೇ ತಾಯಿ.

ಈ ಹರಕೆ ಹುಟ್ಟಿದ್ದು 1630ರಲ್ಲಿ. ಆ ವರ್ಷ ಉತ್ತರ ಇಟಲಿಯಲ್ಲಿ ಯುದ್ಧ, ಬರಗಾಲ, ಅವುಗಳ ಹಿಂದೆಯೇ ಪ್ಲೇಗು. ನಮ್ಮ ಅಜ್ಜಿಯಂದಿರು 1898ರ ಪ್ಲೇಗಿನ ಕಥೆ ಹೇಳುತ್ತಿದ್ದರು. ಇಲಿ ಬಿದ್ದಿತೆಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ನೀರಿನ ನಡುವಿನ ವೆನಿಸಿನವರು ಎಲ್ಲಿಗೆ ಹೋಗಬೇಕು? ಸುಮಾರು ಒಂದು ಲಕ್ಷ ನಲವತ್ತು ಸಾವಿರ ಜನರಿದ್ದ ಆ ನಗರದಲ್ಲಿ ಸುಮಾರು 46,000 ಜನ ಸತ್ತರು. ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. 1630ರ ಅಕ್ಟೋಬರ್ 22ರಂದು ಗಣರಾಜ್ಯದ ಹಿರಿಯರ ಸಭೆ ಸೇರಿ ಹರಕೆ ಹೊತ್ತಿತು: ಈ ಮಾರಿಯಿಂದ ಬಿಡುಗಡೆಯಾದರೆ ಮರಿಯಮ್ಮನವರ ಹೆಸರಿನಲ್ಲಿ ದೇವಾಲಯ ಕಟ್ಟುತ್ತೇವೆ, ಪ್ರತಿ ವರ್ಷ ಅಲ್ಲಿಗೆ ನಡೆದು ಹೋಗುತ್ತೇವೆ. ಗಣರಾಜ್ಯದ ಮುಖ್ಯಸ್ಥರಾಗಿದ್ದ ನಿಕೊಲೊ ಕೊಂತಾರಿನಿ ಎಂಬವರು (ಅವರ ಪದವಿಗೆ 'ಡೋಜೆ' ಎಂದು ಹೆಸರು) ಜನರ ಪರವಾಗಿ ಈ ಹರಕೆಗೆ ಬಾಯಾದರು. ಹದಿನೈದು ಶನಿವಾರಗಳ ಕಾಲ ಸಂತ ಮಾರ್ಕರ ಚೌಕದಲ್ಲಿ ದೇವಮಾತೆಯ ಪ್ರಾಚೀನ ಚಿತ್ರಪಟವನ್ನು ಹೊತ್ತು ಮೆರವಣಿಗೆ ನಡೆಯಿತು.

ಮುಂದೇನಾಯಿತು? ಇಂಥ ಕಥೆ ಹೇಳುವಾಗ ನಾವು ಸಾಮಾನ್ಯವಾಗಿ 'ಹರಕೆ ಹೊತ್ತರು, ಮಾರಿ ನಿಂತಿತು' ಎಂದು ಹೇಳಿ ಮುಗಿಸಿಬಿಡುತ್ತೇವೆ. ನಡೆದದ್ದು ಹಾಗಲ್ಲ. ಹರಕೆ ಹೊತ್ತ ಮೇಲೂ ಒಂದು ವರ್ಷ ಪ್ಲೇಗು ಆ ಊರನ್ನು ಬಿಡಲಿಲ್ಲ. 1631ರ ವಸಂತದಲ್ಲಿ ದೇವಾಲಯಕ್ಕೆ ಅಡಿಗಲ್ಲು ಹಾಕಿದರು. ಹರಕೆ ಹೊತ್ತ ಡೋಜೆ ಅದೇ ಏಪ್ರಿಲ್ 2ರಂದು ತೀರಿಕೊಂಡರು. ಅಲ್ಲಿನ ಧರ್ಮಾಧ್ಯಕ್ಷರಾಗಿದ್ದ ಜೊವಾನ್ನಿ ತಿಯೆಪೊಲೊ ಕೂಡ ಆ ವರ್ಷವೇ ಹೋದರು. ನವೆಂಬರಿನಲ್ಲಿ ಪ್ಲೇಗು ಮುಗಿಯಿತೆಂದು ಸಾರಿದಾಗ ಜನ ಕೃತಜ್ಞತೆಯ ಮೆರವಣಿಗೆ ಹೊರಟರು. ದೇವಾಲಯವಿನ್ನೂ ಎದ್ದಿರಲಿಲ್ಲ. ಹೋಗಿ ಸೇರಿದ್ದು ಅದರ ನಿವೇಶನಕ್ಕೆ. ಕೆಸರು ನೆಲದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮರದ ಕಂಬಗಳನ್ನು ನೆಟ್ಟು, ಅದರ ಮೇಲೆ ಗೋಡೆ ಎಬ್ಬಿಸಿ, ದೇವಾಲಯದ ಪ್ರತಿಷ್ಠೆ ಆಗಲು 1687 ಬರಬೇಕಾಯಿತು. ಅದರ ಶಿಲ್ಪಿ ಲೊಂಗೇನ ಐದು ವರ್ಷ ಮೊದಲೇ ಕಣ್ಣು ಮುಚ್ಚಿದ್ದರು.

ಈಗ ಆ ನವೆಂಬರಿನ ಮೆರವಣಿಗೆಯನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಳ್ಳಿ. ಮೂವರಲ್ಲಿ ಒಬ್ಬರು ಸತ್ತ ಊರು. ಮೇಣದಬತ್ತಿ ಹಿಡಿದು ನಡೆದವರಲ್ಲಿ ಮನೆಯೊಳಗೆ ಸಾವು ಕಾಣದವರು ಎಷ್ಟು ಜನ ಇದ್ದಾರು? ಬದುಕಿ ಉಳಿದ ಅದೃಷ್ಟವಂತರ ಜಯಘೋಷ ಅದಾಗಿರಲು ಸಾಧ್ಯವಿಲ್ಲ. ವಿಧವೆಯರು, ತಬ್ಬಲಿಗಳು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ನಡೆದ ನಡಿಗೆ ಅದು. ಕೇಳಿದ್ದು ಸಿಕ್ಕಿತು ಎಂದು ಅವರು ನಡೆಯಲಿಲ್ಲ. ಕೇಳಿದ್ದು ಸಿಗದವರೂ ಆ ಸಾಲಿನಲ್ಲಿದ್ದರು.

ಮುಂದಿನ ಭಾನುವಾರ ಪೂಜೆಯ ನಂತರ ಇದನ್ನು ಆ ಹೆಣ್ಣುಮಗಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಂದು ನಡೆದವರೆಲ್ಲ ನನ್ನಂಥವರೇ" ಎಂದಳು. ಅವಳಿಗೆ ಸಮಾಧಾನವಾಯಿತೆಂದು ನಾನು ಹೇಳುವುದಿಲ್ಲ. ಆದರೆ ತಾನೊಬ್ಬಳೇ ಹೊರಗೆ ನಿಂತವಳಲ್ಲ ಎಂಬುದಷ್ಟು ಅವಳಿಗೆ ತಿಳಿಯಿತು ಎಂದುಕೊಳ್ಳುತ್ತೇನೆ.

ಈ ಮಾತು ಶುಭಸಂದೇಶದ ಕಾಲದಿಂದಲೂ ಇದೆ. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಮ್ಮನವರು ಮೇಲಂತಸ್ತಿನ ಕೋಣೆಯಲ್ಲಿ ಪ್ರೇಷಿತರೊಡನೆ ಪ್ರಾರ್ಥನೆಯಲ್ಲಿ ಕುಳಿತದ್ದನ್ನು ಓದುತ್ತೇವೆ. ಸಮುದಾಯವಾಗಿ ಪ್ರಾರ್ಥಿಸುವ ಪಾಠ ನಮಗೆ ಅಲ್ಲಿಂದಲೇ ಬಂದದ್ದು. ಅದೇ ಗ್ರಂಥದ ಹನ್ನೆರಡನೆಯ ಅಧ್ಯಾಯಕ್ಕೆ ಬನ್ನಿ. ಹೆರೋದ ಅರಸ ಯೊವಾನ್ನನ ಅಣ್ಣ ಯಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಪೇತ್ರನನ್ನು ಸೆರೆಯಲ್ಲಿಡುತ್ತಾನೆ. ವಿಶ್ವಾಸಿಗಳು ಸೇರಿ ಪೇತ್ರನಿಗಾಗಿ ಪ್ರಾರ್ಥಿಸುತ್ತಾರೆ. ದೇವದೂತ ಬಂದು ಸಂಕೋಲೆ ಕಳಚುತ್ತಾನೆ. ಯಕೋಬನಿಗಾಗಿ ಅವರು ಕಡಿಮೆ ಪ್ರಾರ್ಥಿಸಿದ್ದರೆಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ಯಕೋಬನ ತಾಯಿಗೆ ಆ ರಾತ್ರಿ ಏನನ್ನಿಸಿತೆಂದೂ ಬರೆದಿಲ್ಲ. ಒಂದೇ ಸಮುದಾಯ, ಒಂದೇ ವಿಶ್ವಾಸ. ಒಬ್ಬನ ಕತ್ತು ಕತ್ತಿಗೆ, ಒಬ್ಬನ ಕಾಲು ಬೀದಿಗೆ. ಇದರಲ್ಲಿ ಲೆಕ್ಕ ಹುಡುಕುವವರಿಗೆ ಲೆಕ್ಕ ಸಿಗುವುದಿಲ್ಲ.

ಇನ್ನು, ರಕ್ಷಣೆ ಬೇಡಿಕೊಂಡ ಮೇಲೆ ನಾವು ಕೈಕಟ್ಟಿ ಕೂರಬಹುದೇ ಎಂಬ ಪ್ರಶ್ನೆ. ಕೊರೋನಾ ಕಾಲದಲ್ಲಿ ಈ ಜಗಳ ಎಷ್ಟು ಮನೆಗಳಲ್ಲಿ ಆಗಲಿಲ್ಲ! ವಿಶ್ವಾಸವಿದ್ದವರಿಗೆ ಮಾಸ್ಕ್ ಏಕೆ, ಮಾತೆಯ ಮಕ್ಕಳಿಗೆ ಲಸಿಕೆ ಏಕೆ ಎಂದು ಕೇಳಿದವರನ್ನು ನೀವೂ ಕಂಡಿದ್ದೀರಿ. ನಮ್ಮ ದೇಶದಲ್ಲಿ ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25 ಮಂಗಳವಾರ್ತೆಯ ಹಬ್ಬದ ದಿನವಾಗಿತ್ತು. ದೇವದೂತರು ಬಾಗಿಲಿಗೆ ಬಂದ ದಿನವೇ ಬಾಗಿಲು ಹಾಕಿಕೊಳ್ಳಬೇಕಾಯಿತಲ್ಲ ಎಂದು ಹಿರಿಯರೊಬ್ಬರು ಕಣ್ಣೀರು ಹಾಕಿದ್ದರು. ಅವರ ದುಃಖ ನಿಜ. ಆದರೆ ಮತ್ತಾಯನ ನಾಲ್ಕನೆಯ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ತುದಿಗೆ ಕರೆದೊಯ್ದು ಕೆಳಕ್ಕೆ ಹಾರು ಎನ್ನುವಾಗ ಯಾವ ವಾಕ್ಯವನ್ನು ಬಳಸುತ್ತಾನೆ? ನಾವು ಸಂಕಟದಲ್ಲಿ ಅತಿ ಹೆಚ್ಚು ಪ್ರೀತಿಸುವ ರಕ್ಷಣೆಯ ಕೀರ್ತನೆಯನ್ನೇ, ತೊಂಬತ್ತೊಂದನೆಯ ಕೀರ್ತನೆಯನ್ನೇ! ಯೇಸು ಆ ಕೀರ್ತನೆ ಸುಳ್ಳೆಂದು ಹೇಳುವುದಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದಷ್ಟೇ ಹೇಳಿ, ಹಾರದೆ ನಿಲ್ಲುತ್ತಾರೆ. ರಕ್ಷಣೆಯ ಪ್ರಾರ್ಥನೆಯನ್ನು ದುಸ್ಸಾಹಸಕ್ಕೆ ನೆಪ ಮಾಡಿಕೊಳ್ಳುವುದು ಯಾರ ಉಪದೇಶವೆಂಬುದು ಅಲ್ಲಿ ಸ್ಪಷ್ಟವಾಗಿದೆ.

ವೆನಿಸಿನ ಭಕ್ತರು ಇದನ್ನು ಬಲ್ಲವರಾಗಿದ್ದರು. ರೋಗಿಗಳನ್ನು ಬೇರೆಯಾಗಿರಿಸಿ ನೋಡಿಕೊಳ್ಳಲು 1423ರಲ್ಲಿಯೇ ಆ ಗಣರಾಜ್ಯ ದ್ವೀಪವೊಂದರಲ್ಲಿ ಶಾಶ್ವತ ಪ್ಲೇಗು ಆಸ್ಪತ್ರೆ ತೆರೆದಿತ್ತು. ಆ ದ್ವೀಪಕ್ಕೆ ನಜರೇತಿನ ಮರಿಯಮ್ಮನವರ ಹೆಸರಿತ್ತು. ನಜರೇತ್ ಎಂಬ ಹೆಸರು ಜನರ ಬಾಯಲ್ಲಿ ಬದಲಾಗಿ, ಲಾಜರನ ನೆನಪೂ ಸೇರಿಕೊಂಡು, 'ಲಜರೆತ್ತೊ' ಆಯಿತೆಂದು ಹೇಳುತ್ತಾರೆ. ಮುಂದೆ ಯೂರೋಪಿನಲ್ಲೆಲ್ಲ ಇಂಥ ಆಸ್ಪತ್ರೆಗಳಿಗೆ ಅದೇ ಹೆಸರು. ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುವ ಪದ್ಧತಿಗೆ ಹೆಸರು ಬಂದದ್ದೂ ಆ ಜನರ ಭಾಷೆಯಲ್ಲಿ ನಲವತ್ತು ಎಂಬ ಪದದಿಂದ. ನಾವು ಕ್ವಾರಂಟೈನ್ ಎಂದು ಕಲಿತೆವಲ್ಲ, ಅದು. ತಾಯಿಯ ಹೆಸರಿನ ದ್ವೀಪದಲ್ಲೇ ಆಸ್ಪತ್ರೆ ಇತ್ತು. ಹರಕೆ ಒಂದು ಕಡೆ, ವೈದ್ಯ ಇನ್ನೊಂದು ಕಡೆ ಎಂದು ಅವರು ಗೆರೆ ಎಳೆದಿರಲಿಲ್ಲ.

ಅಡುಗೆಮನೆಯ ಒಂದು ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಹೊಸ ತೆನೆ, ತರಕಾರಿ ಊಟ ಹೇಗೋ ಹಾಗೆ ವೆನಿಸಿನವರ ಸಲೂತೆ ಹಬ್ಬಕ್ಕೂ ಒಂದು ಅಡುಗೆ ಇದೆ. ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಕುರಿಮಾಂಸವನ್ನು ಕೋಸಿನೊಡನೆ ಬಹಳ ಹೊತ್ತು ಬೇಯಿಸಿದ ಸಾರು. ಕಾರಣ ಕೇಳಿ: ಪ್ಲೇಗಿನ ಊರಿಗೆ ಹೋಗಲು ಎಲ್ಲರೂ ಹೆದರಿದ್ದಾಗ ಕಡಲಾಚೆಯ ಡಾಲ್ಮೇಷಿಯ ಸೀಮೆಯ ವ್ಯಾಪಾರಿಗಳು ದೋಣಿಗಳಲ್ಲಿ ಆ ಮಾಂಸ ತರುವುದನ್ನು ನಿಲ್ಲಿಸಲಿಲ್ಲ ಎಂದು ಅಲ್ಲಿನ ಜನ ನೆನೆಯುತ್ತಾರೆ. ಮಾತೆ ಕಾಪಾಡಿದರು ಎಂದು ಮೇಣದಬತ್ತಿ ಹಚ್ಚಿ ಬಂದವರು, ಮನೆಯಲ್ಲಿ ಊಟಕ್ಕೆ ಕುಳಿತಾಗ ಆ ದೋಣಿಯವರನ್ನು ನೆನೆಯುತ್ತಾರೆ. ಮರಿಯಮ್ಮನವರ ಸಹಾಯ ಯಾವ ಕೈಯಿಂದ ಬರುತ್ತದೆಂದು ಯಾರು ಬಲ್ಲರು?

ವೆನಿಸಿನ ವಿಷಯದಲ್ಲಿ ಇನ್ನೊಂದನ್ನು ನೆನೆಯಬೇಕು. ಜಪಸರದ ಮಾತೆಯ ಹಬ್ಬ ಅಕ್ಟೋಬರ್ 7ಕ್ಕೆ ಏಕೆ ಬರುತ್ತದೆಂದು ನಿಮಗೆ ಗೊತ್ತಿದೆ. 1571ರಲ್ಲಿ ಲೆಪಾಂತೊ ಎಂಬಲ್ಲಿ ನಡೆದ ನೌಕಾಯುದ್ಧದ ದಿನ ಅದು. ಸಂತ ಐದನೇ ಪಿಯೂಸರು ಜಪಸರ ಹೇಳಲು ಕರೆಕೊಟ್ಟಿದ್ದ ಆ ಯುದ್ಧದಲ್ಲಿ ಗೆದ್ದ ಹಡಗುಗಳಲ್ಲಿ ದೊಡ್ಡ ಪಾಲು ವೆನಿಸಿನದೇ. ಅಲ್ಲಿ ಶತ್ರುವಿಗೆ ಹಡಗಿತ್ತು, ಬಾವುಟವಿತ್ತು, ಮುಖವಿತ್ತು. ಅರವತ್ತು ವರ್ಷಗಳಲ್ಲಿ ಅದೇ ಊರಿಗೆ ಮುಖವಿಲ್ಲದ ಶತ್ರು ಬಂದ. ಮುಖವಿಲ್ಲದ ಶತ್ರುವಿನ ಮುಂದೆ ಮನುಷ್ಯರು ಮಾಡುವ ತಪ್ಪು ಒಂದಿದೆ: ಅದಕ್ಕೆ ನೆರೆಯವನ ಮುಖ ತೊಡಿಸುವುದು.

ಮಿಲಾನ್ ನಗರದಲ್ಲಿ ಆದದ್ದು ಅದು. ಅದಕ್ಕೆ ಮೊದಲು, 1576ರ ಪ್ಲೇಗಿನಲ್ಲಿ, ಆ ಊರಿನ ಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಮಾಡಿದ್ದನ್ನು ಹೇಳಬೇಕು. ಜನ ಮನೆಯಿಂದ ಹೊರಬರಬಾರದೆಂದು ಆಜ್ಞೆಯಾದಾಗ ಅವರು ಬೀದಿ ಕೂಡುವ ಕಡೆಗಳಲ್ಲಿ ಪೂಜಾಪೀಠಗಳನ್ನು ನಿಲ್ಲಿಸಿದರು. ಜನ ಕಿಟಕಿಗಳಲ್ಲಿ ನಿಂತು ಬಲಿಪೂಜೆಯಲ್ಲಿ ಪಾಲ್ಗೊಂಡರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸಿದಾಗ ಬೀದಿಯ ಎರಡೂ ಬದಿಯ ಕಿಟಕಿಗಳಿಂದ ಪ್ರಾರ್ಥನಾಮಾಲೆಯ ದನಿ ಏಳುತ್ತಿತ್ತು. ನಾವು ಫೋನಿನಲ್ಲಿ ಜಪಸರ ಹೇಳಿದ್ದಕ್ಕೆ ಇಷ್ಟು ಹಳೆಯ ಪೂರ್ವಜರಿದ್ದಾರೆ ನೋಡಿ.

ಐವತ್ತನಾಲ್ಕು ವರ್ಷ ಕಳೆದು 1630. ಅದೇ ಊರು, ಅದೇ ರೋಗ. ಈಗ ಚಾರ್ಲ್ಸರ ಬಂಧು ಫೆದೆರಿಕೊ ಬೊರೊಮಿಯೊ ಧರ್ಮಾಧ್ಯಕ್ಷರು. ದೊಡ್ಡ ಮೆರವಣಿಗೆ ಬೇಕೆಂದು ಜನ ಒತ್ತಾಯಿಸಿದಾಗ ಅವರು ಮೊದಲು ಒಪ್ಪಲಿಲ್ಲ. ಕೊನೆಗೆ ಮಣಿದರು. ಜೂನ್ 11ರಂದು ಸಂತ ಚಾರ್ಲ್ಸರ ಅವಶೇಷವನ್ನು ಹೊತ್ತು ಇಡೀ ಊರು ಬೀದಿಗಿಳಿಯಿತು. ನಂತರದ ದಿನಗಳಲ್ಲಿ ಸಾವು ಏರಿತು. ಗುಂಪು ಸೇರಿದ್ದೇ ಕಾರಣವಿರಬಹುದೆಂದು ಯೋಚಿಸಿದವರು ಕಡಿಮೆ. ಯಾರೋ ದುಷ್ಟರು ಗೋಡೆಗಳಿಗೆ ವಿಷದ ಲೇಪ ಹಚ್ಚುತ್ತಿದ್ದಾರೆಂಬ ಸುದ್ದಿ ಮೊದಲೇ ಇತ್ತು, ಈಗ ಬೆಂಕಿಯಾಯಿತು. ಹತ್ತು ದಿನಗಳ ನಂತರ, ಜೂನ್ 21ರ ಮಳೆಯ ಬೆಳಗಿನಲ್ಲಿ, ಹೆಂಗಸೊಬ್ಬಳು ಕಿಟಕಿಯಿಂದ ನೋಡುತ್ತಿದ್ದಾಗ ಒಬ್ಬ ಗೋಡೆಗೆ ಕೈ ಸವರುತ್ತ ಹೋದ. ಅವನು ಆರೋಗ್ಯ ಇಲಾಖೆಯ ನೌಕರ, ಗುಲ್ಯೆಲ್ಮೊ ಪಿಯಾತ್ಸ. ಚಿತ್ರಹಿಂಸೆ ಕೊಟ್ಟಾಗ ಅವನು ಜಾನ್ ಜಾಕೊಮೊ ಮೋರ ಎಂಬ ಕ್ಷೌರಿಕನ ಹೆಸರು ಹೇಳಿದ. ಆಗಸ್ಟಿನಲ್ಲಿ ಇಬ್ಬರನ್ನೂ ಘೋರವಾಗಿ ಕೊಂದರು. ಕ್ಷೌರಿಕನ ಮನೆ ಕೆಡವಿ, ಅಲ್ಲಿ ಅವಮಾನದ ಕಂಬವೊಂದನ್ನು ನಿಲ್ಲಿಸಿದರು. ಅದು 1778ರವರೆಗೆ ನಿಂತಿತ್ತು. ಇಬ್ಬರೂ ನಿರಪರಾಧಿಗಳು.

ಪ್ರಿಯ ಓದುಗರೇ, ಆ ಊರಿನ ಎರಡು ಕಾಲದ ಕಿಟಕಿಗಳು ನನ್ನ ಮನಸ್ಸಿನಿಂದ ಹೋಗುವುದಿಲ್ಲ. 1576ರಲ್ಲಿ ಕಿಟಕಿ ಎದುರುಮನೆಯವರೊಡನೆ ಪ್ರಾರ್ಥಿಸುವುದಕ್ಕೆ. 1630ರಲ್ಲಿ ಕಿಟಕಿ ದಾರಿಹೋಕನನ್ನು ಅನುಮಾನಿಸುವುದಕ್ಕೆ. ಎರಡೂ ಕಾಲದಲ್ಲಿ ಜನ ಭಕ್ತರೇ. ಹತ್ತು ದಿನ ಹಿಂದೆ ಮೆರವಣಿಗೆಯಲ್ಲಿ ಮೊಣಕಾಲೂರಿದವರಲ್ಲಿ ಎಷ್ಟೋ ಮಂದಿ ಆ ಕ್ಷೌರಿಕನಿಗೆ ಕಲ್ಲು ಬೀಸಲು ಸಿದ್ಧರಿದ್ದಿರಬೇಕು. ಭಯ ನಮ್ಮನ್ನು ಮರಿಯಮ್ಮನವರ ಕಡೆ ಓಡಿಸುತ್ತದೆ, ಒಳ್ಳೆಯದೇ. ಅದೇ ಭಯ ಓಡುವ ದಾರಿಯಲ್ಲಿ ಯಾರನ್ನೋ ತುಳಿಸುತ್ತದೆ.

ಇಲ್ಲಿ ನಾವು ಹೇಳುವ ಪ್ರಾರ್ಥನೆಯ ಮಾತುಗಳನ್ನೇ ಗಮನಿಸಬೇಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಗ್ರಂಥಾಲಯವೊಂದರಲ್ಲಿ ಈಜಿಪ್ಟಿನಿಂದ ಬಂದ ಅಂಗೈಯಷ್ಟಗಲದ ಪಪೈರಸ್ ತುಂಡೊಂದಿದೆ. ಅದರಲ್ಲಿ ಗ್ರೀಕ್ ಭಾಷೆಯಲ್ಲಿ ದೇವಮಾತೆಯ ಆಶ್ರಯ ಬೇಡುವ ಪ್ರಾರ್ಥನೆ ಬರೆದಿದೆ. ಮೂರನೆಯ ಶತಮಾನದ್ದೆಂದು ಕೆಲವು ವಿದ್ವಾಂಸರು, ಇನ್ನೂ ಈಚಿನದೆಂದು ಕೆಲವರು. ಹೇಗಿದ್ದರೂ ಮರಿಯಮ್ಮನವರಿಗೆ ಸಲ್ಲಿಸಿದ, ನಮಗೆ ದೊರೆತಿರುವ ಅತಿ ಹಳೆಯ ಪ್ರಾರ್ಥನೆಗಳಲ್ಲಿ ಅದೊಂದು. ಪೂರ್ವದ ಸಭೆಗಳಲ್ಲೂ ನಮ್ಮ ರೋಮನ್ ಸಭೆಯಲ್ಲೂ ಇಂದಿಗೂ ಅದನ್ನು ಹೇಳುತ್ತಾರೆ. ಅದರಲ್ಲಿ 'ನಾನು' ಇಲ್ಲ, 'ನನ್ನನ್ನು' ಇಲ್ಲ. ಓಡಿಬರುವವರು 'ನಾವು', ಅಪಾಯದಿಂದ ಬಿಡಿಸಬೇಕಾದದ್ದು 'ನಮ್ಮನ್ನು'. 'ನಮೋ ಮರಿಯ'ದ ಕೊನೆಯ ಭಾಗದಲ್ಲೂ ಅಷ್ಟೇ. ಪಾಪಿಗಳಾದ ನಮಗಾಗಿ ಎಂದು ಕೇಳುತ್ತೇವೆ, ಪಾಪಿಯಾದ ನನಗಾಗಿ ಎಂದಲ್ಲ. ಕೋಣೆಯಲ್ಲಿ ಒಬ್ಬರೇ ಕುಳಿತು ಹೇಳಿದರೂ ಬಾಯಿಗೆ ಬರುವುದು ಬಹುವಚನವೇ. ಜಪಸರದ ಐವತ್ತಮೂರು ಮಣಿಗಳಲ್ಲಿ ಐವತ್ತಮೂರು ಸಲ 'ನಾವು' ಎಂದ ಮೇಲೆ, ಆ 'ನಾವು' ಎಂಬುದಕ್ಕೆ ಬೇಲಿ ಎಲ್ಲಿದೆ?

ಸಾನ್ ಸೆಪೋಲ್ಕ್ರೊ ಎಂಬ ಇಟಲಿಯ ಸಣ್ಣ ಊರಿನಲ್ಲಿ ಪಿಯೆರೊ ದೆಲ್ಲ ಫ್ರಾಂಚೆಸ್ಕ ಎಂಬ ಕಲಾವಿದ ಬರೆದ ಚಿತ್ರವಿದೆ. ದಯಾಮಾತೆ ಎತ್ತರವಾಗಿ ನಿಂತು ಮೇಲುಹೊದಿಕೆಯನ್ನು ಎರಡೂ ಕೈಗಳಿಂದ ಅಗಲಿಸಿ ಹಿಡಿದಿದ್ದಾರೆ, ನಮ್ಮ ತಾಯಂದಿರು ಮಳೆಯಲ್ಲಿ ಮಕ್ಕಳ ಮೇಲೆ ಸೆರಗು ಹಿಡಿದಂತೆ. ಅಡಿಯಲ್ಲಿ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು ಮೊಣಕಾಲೂರಿದ್ದಾರೆ. ಗಂಡಸರಲ್ಲಿ ಒಬ್ಬನ ಮುಖ ಕಾಣುವುದಿಲ್ಲ. ತಲೆಯಿಂದ ಗಲ್ಲದವರೆಗೆ ಕಪ್ಪು ಮುಸುಕು. 1445ರಲ್ಲಿ ಈ ಚಿತ್ರ ಬರೆಸಿದ್ದು ರೋಗಿಗಳ ಆರೈಕೆ, ಸತ್ತವರ ಶವಸಂಸ್ಕಾರ ಮಾಡುತ್ತಿದ್ದ ಭಕ್ತಸಂಘ. ಆ ಸಂಘದವರು ಸೇವೆಗೆ ಹೊರಟಾಗ ತಾವು ಯಾರೆಂದು ತಿಳಿಯಬಾರದೆಂದು ಮುಸುಕು ಹಾಕಿಕೊಳ್ಳುತ್ತಿದ್ದರು. ಅಂದರೆ ಹೆಣ ಮುಟ್ಟಿ ಬಂದವನೂ ಆ ಸೆರಗಿನಡಿಯಲ್ಲೇ, ಶ್ರೀಮಂತನ ಪಕ್ಕದಲ್ಲೇ ಕುಳಿತಿದ್ದಾನೆ.

ಇದನ್ನೆಲ್ಲ ಬರೆಯುತ್ತ ನನ್ನ ಮನೆಯ ಬೀದಿಗೆ ಬರದಿದ್ದರೆ ನಾನು ನಿಮಗೆ ಮೋಸ ಮಾಡಿದಂತಾಗುತ್ತದೆ.

2020ರ ಮಾರ್ಚ್ 27ರ ಸಂಜೆ ಜಗದ್ಗುರು ಪೋಪ್ ಫ್ರಾನ್ಸಿಸರು ಮಳೆಯಲ್ಲಿ, ಖಾಲಿಯಾದ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ರೋಮಿನ ಜನ ತಮ್ಮ ರಕ್ಷಕಳೆಂದು ನಂಬಿರುವ ದೇವಮಾತೆಯ ಹಳೆಯ ಚಿತ್ರಪಟವನ್ನು ಅಂದು ಅಲ್ಲಿ ಇಟ್ಟಿದ್ದರು. (ಅವರು 2025ರ ಏಪ್ರಿಲಿನಲ್ಲಿ ದೈವಾಧೀನರಾದಾಗ ಅವರ ಇಚ್ಛೆಯಂತೆ ಅದೇ ಚಿತ್ರಪಟವಿರುವ ಸಂತ ಮರಿಯಮ್ಮನವರ ಮಹಾದೇವಾಲಯದಲ್ಲೇ ಸಮಾಧಿ ಮಾಡಿದರು.) ಆ ಸಂಜೆಯಿಂದ ಸ್ಫೂರ್ತಿ ಪಡೆದು ನಮ್ಮ ಬೀದಿಯ ಹದಿನಾಲ್ಕು ಕುಟುಂಬಗಳು ರಾತ್ರಿ ಎಂಟಕ್ಕೆ ಫೋನಿನಲ್ಲಿ ಒಟ್ಟಾಗಿ ಜಪಸರ ಹೇಳಲು ಆರಂಭಿಸಿದೆವು. ಮುಂದಾಳು ನಾನೇ. ಒಂದೊಂದು ಹತ್ತು ಮಣಿಯನ್ನು ಒಂದೊಂದು ಮನೆಗೆ ಹಂಚುತ್ತಿದ್ದೆ. ವೈದ್ಯರಿಗಾಗಿ, ದಾದಿಯರಿಗಾಗಿ, ಆಸ್ಪತ್ರೆಯ ಸಿಬ್ಬಂದಿಗಾಗಿ ದಿನವೂ ವಿಜ್ಞಾಪನೆ ಇರುತ್ತಿತ್ತು.

ನಮ್ಮ ಮನೆಯಿಂದ ಮೂರನೆಯದು ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಮಾಡುವ ವಿಧವೆಯೊಬ್ಬಳ ಮನೆ. ಬೀದಿಯ ಮಕ್ಕಳೆಲ್ಲ ಅಕ್ಕ ಎಂದು ಕರೆಯುವವಳು. ಜುಲೈನಲ್ಲಿ ಅವಳನ್ನು ಕೊರೋನಾ ವಾರ್ಡಿಗೆ ಹಾಕಿದರು. ಸುದ್ದಿ ತಿಳಿದ ದಿನವೇ ನಲ್ಲಿಯ ಹತ್ತಿರ ನಾಲ್ಕಾರು ಜನ ಸೇರಿದರು. ಅವಳು ಎಲ್ಲರೂ ಹಿಡಿದಾದ ಮೇಲೆ ನೀರಿಗೆ ಬರಲಿ ಎಂದಾಯಿತು. ಮರುದಿನ, ಈ ನಲ್ಲಿಗೇ ಬೇಡ, ಮುಂದಿನ ಬೀದಿಗೆ ಹೋಗಲಿ ಎಂದಾಯಿತು. ಅಂತರ ಕಾಯುವುದು ಬೇರೆ. ಅದನ್ನು ಅವಳೇ ನಮಗಿಂತ ಚೆನ್ನಾಗಿ ಬಲ್ಲವಳು. ಇದು ಅಂತರವಾಗಿರಲಿಲ್ಲ, ಇದು ಗಡೀಪಾರು. ಆ ಗುಂಪಿನಲ್ಲಿ ನಾನೂ ನಿ೦ತಿದ್ದೆ. ಹಾಗೆ ಹೇಳಿದವಳು ನಾನಲ್ಲ. ಬೇಡ ಎಂದವಳೂ ನಾನಲ್ಲ. ಟೀಚರು ಸುಮ್ಮನಿದ್ದಾರೆಂದರೆ ಒಪ್ಪಿದ್ದಾರೆ ಎಂದು ಉಳಿದವರು ತಿಳಿದುಕೊಂಡರು, ಸರಿಯಾಗಿಯೇ ತಿಳಿದುಕೊಂಡರು. ಅಂದು ರಾತ್ರಿ ಎಂಟಕ್ಕೆ ಎಂದಿನಂತೆ ಆಸ್ಪತ್ರೆಯ ಸಿಬ್ಬಂದಿಗಾಗಿ ವಿಜ್ಞಾಪನೆ ಓದಿದೆ.

ಪ್ರೇಷಿತರ ಕಾರ್ಯಕಲಾಪಗಳ ಆ ಹನ್ನೆರಡನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇದೆ. ಸೆರೆಯಿಂದ ಬಿಡುಗಡೆಯಾದ ಪೇತ್ರ ನೇರವಾಗಿ ವಿಶ್ವಾಸಿಗಳು ಪ್ರಾರ್ಥಿಸುತ್ತಿದ್ದ ಮನೆಗೆ ಬಂದು ಬಾಗಿಲು ತಟ್ಟುತ್ತಾನೆ. ಕೆಲಸದ ಹುಡುಗಿ ರೋದೆ ಅವನ ದನಿ ಗುರುತಿಸಿ ಸಂತೋಷದಿಂದ, ಬಾಗಿಲು ತೆರೆಯದೆಯೇ ಒಳಕ್ಕೆ ಓಡುತ್ತಾಳೆ. ಒಳಗಿದ್ದವರು ನಂಬುವುದಿಲ್ಲ, ಅವಳೊಡನೆ ವಾದಕ್ಕಿಳಿಯುತ್ತಾರೆ. ಯಾರಿಗಾಗಿ ಪ್ರಾರ್ಥಿಸುತ್ತಿದ್ದರೋ ಅವನು ಹೊರಗೆ ಕತ್ತಲಲ್ಲಿ ಬಾಗಿಲು ತಟ್ಟುತ್ತಲೇ ಇರುತ್ತಾನೆ. ತರಗತಿಯಲ್ಲಿ ಈ ಕಥೆ ಹೇಳಿ ಮಕ್ಕಳನ್ನು ಎಷ್ಟೋ ಸಲ ನಗಿಸಿದ್ದೇನೆ.

ಆಗಸ್ಟಿನ ಒಂದು ರಾತ್ರಿ. ಎಂಟು ಗಂಟೆಯ ಜಪಸರ. ದುಃಖದ ರಹಸ್ಯಗಳ ದಿನ. ನಾಲ್ಕನೆಯ ಹತ್ತು ಮಣಿ ಹೇಳಬೇಕಾದ ಮನೆಯವರ ಫೋನು ಕಡಿದುಹೋಯಿತು. ಯಾರು ಹೇಳುತ್ತೀರಿ ಎಂದು ಕೇಳಿದೆ. "ನಾನು ಹೇಳ್ತೀನಿ ಟೀಚರಮ್ಮ" ಎಂಬ ದನಿ ಬಂತು. ಅವಳೇ. ಎಷ್ಟು ದಿನದಿಂದ ಅವಳು ಹೀಗೆ ಮಾತಾಡದೆ, ಕೇಳಿಸಿಕೊಳ್ಳುತ್ತ ನಮ್ಮೊಡನೆ ಸೇರಿದ್ದಳೋ ನನಗೆ ತಿಳಿಯದು. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಧ್ಯಾನಿಸೋಣ ಎಂದು ಹೇಳಿ ಒಂದೊಂದೇ ಮಣಿ ಉರುಳಿಸಿದಳು. ಅರ್ಧ ಭಾಗ ಅವಳು ಹೇಳಿದಾಗ ಉಳಿದರ್ಧ ನಾವು ಹೇಳಬೇಕು. ಮೊದಲ ಎರಡು ಮಣಿಗಳಿಗೆ ಪ್ರತ್ಯುತ್ತರ ಬಹಳ ತೆಳುವಾಗಿ ಬಂತು. ಆಮೇಲೆ ಒಬ್ಬೊಬ್ಬರಾಗಿ ಸೇರಿಕೊಂಡರು. ಹತ್ತು ಮುಗಿದ ಮೇಲೆ ಅವಳು ತನ್ನ ವಿಜ್ಞಾಪನೆ ಹೇಳಿದಳು: "ಅಮ್ಮಾ, ನಮ್ಮ ಬೀದಿಗೆ ಈ ಕಾಯಿಲೆ ಬಾರದ ಹಾಗೆ ನೋಡ್ಕೋ." ನಮ್ಮ ಬೀದಿ ಎಂದಳು. ನಾನು ಕೊನೆಯ ಹತ್ತನ್ನು ಆರಂಭಿಸಬೇಕಿತ್ತು. ಗಂಟಲು ಕಟ್ಟಿತ್ತು. ನನ್ನ ಮೊಮ್ಮಗ ಪಕ್ಕದಿಂದ ಫೋನು ತೆಗೆದುಕೊಂಡು ತಾನೇ ಹೇಳಿದ.

ಮರುದಿನ ಬೆಳಗ್ಗೆ ಐದಕ್ಕೆ ಎದ್ದು ನಲ್ಲಿಯ ಹತ್ತಿರ ಹೋಗಿ ನಿಂತೆ. ಮಬ್ಬುಗತ್ತಲು. ರಾತ್ರಿಯ ಡ್ಯೂಟಿ ಮುಗಿಸಿ ಬಂದವಳು ಎರಡು ಬಿಂದಿಗೆ ಹಿಡಿದು ಮುಂದಿನ ಬೀದಿಯ ಕಡೆ ಹೊರಟಿದ್ದಳು. ಕೂಗಿದೆ. ಇಲ್ಲೇ ಹಿಡಿ, ಯಾರು ಏನೆನ್ನುತ್ತಾರೋ ನಾನು ನೋಡಿಕೊಳ್ಳುತ್ತೇನೆ ಎಂದು ಹೇಳುವುದಕ್ಕೆ ಅವಳ ಕಡೆ ನಾಲ್ಕು ಹೆಜ್ಜೆ ಇಟ್ಟೆ. ಅವಳು ಬಿಂದಿಗೆಯನ್ನು ಕೆಳಗಿಟ್ಟು, ಕೈ ಮುಂದೆ ಚಾಚಿ ನನ್ನನ್ನು ತಡೆದಳು.

"ಅಲ್ಲೇ ನಿಲ್ಲಿ ಟೀಚರಮ್ಮ, ಹತ್ತಿರ ಬರಬೇಡಿ. ನಾನು ವಾರ್ಡಿಂದ ಬಂದಿದ್ದೀನಿ. ನಿಮಗೆ ವಯಸ್ಸಾಗಿದೆ, ಶುಗರ್ ಬೇರೆ. ನೀವು ಮೊದಲು ಹಿಡ್ಕೊಂಡು ಹೋಗಿ. ನೀವು ಬಾಗಿಲು ಹಾಕ್ಕೊಂಡ ಮೇಲೆ ನಾನು ಹಿಡೀತೀನಿ."